ಹನ್ನೊಂದನೆಯ ನಿಮಿಷ

ಮಂಜು ಇನ್ನೂ ಬೇವಿನ ಮರದಿಂದ ಇಳಿದಿಲ್ಲ, ಎಂಟು ಹೊಡೆದರೂ ಬಿಸಿಲಿಗೆ ಮನಸ್ಸಿಲ್ಲ, ಹಸ್ತದ ಮಳೆ ನಿಂತು ಮೂರು ದಿನವಾಯಿತು ಆದರೂ ಎರೆಹೊಲದ ಹಸಿ ಉಸಿರಾಡುತ್ತಲೇ ಇದೆ, ಕಿಟಕಿಯ ಸರಳು ಮುಟ್ಟಿದರೆ ಕೈ ಒದ್ದೆ, ಮೇಜಿನ ಮೇಲಿನ ಗಾಜಿನ ನಳಿಗೆಯ ಹೊರಮೈಗೂ ತೆಳ್ಳಗೆ ಬೆವರು, ಒರೆಸಬೇಕು ಅನ್ನಿಸುತ್ತದೆ — ಒರೆಸಬಾರದು, ಮುಟ್ಟಬಾರದು, ಅಲುಗಿಸಬಾರದು, ಒಳಗೆ ಸಣ್ಣವ್ವನ ರಕ್ತ ಎರಡು ಬೆರಳಿನಷ್ಟು ನಿಂತಿದೆ, ಎಂಟು ಗಂಟೆ ನಾಲ್ಕು ನಿಮಿಷಕ್ಕೆ ಅವಳ ತೋಳಿನಿಂದ ತೆಗೆದದ್ದು, ಎಂಟು ಇಪ್ಪತ್ತನಾಲ್ಕರ ತನಕ ಅದರ ಪಾಡಿಗೆ ಅದನ್ನು ಬಿಡಬೇಕು, ಆಮೇಲೆ ಓರೆ ಮಾಡಿ ನೋಡಬೇಕು, ಗಟ್ಟಿಯಾಗಿ ಕೂತಿದ್ದರೆ ಮಂಡಲದ ಹಾವಿನ ವಿಷ ರಕ್ತಕ್ಕೆ ಇಳಿದಿಲ್ಲ, ನೀರಿನಂತೆ ಹರಿದರೆ ಇಳಿದಿದೆ, ಇಷ್ಟೇ ವಿದ್ಯೆ, ಒಂದು ಗಾಜು, ಒಂದು ಗಡಿಯಾರ, ಹುಬ್ಬಳ್ಳಿಯಲ್ಲಿ ಓದುವಾಗ ನಮ್ಮ ಮೇಷ್ಟ್ರು ತಾವೇ ಮೇಜಿನ ಮುಂದೆ ಕೈಕಟ್ಟಿ ಕೂತು ತೋರಿಸಿದ್ದರು, ನೋಡ್ರಪಾ, ಔಷಧ ಕೊಡೂದು ಯಾರರೆ ಕಲೀತಾರ, ಇಪ್ಪತ್ತು ನಿಮಿಷ ಸುಮ್ನ ಕೂಡೂದು ಕಲೀರಿ, ಅಂದಿದ್ದರು, ನಾವೆಲ್ಲ ನಕ್ಕಿದ್ದೆವು, ನಾನು ಎಲ್ಲರಿಗಿಂತ ಜೋರಾಗಿ. ಈಗ ಎಂಟು ಗಂಟೆ ಏಳು ನಿಮಿಷ. ಮೂರೇ ನಿಮಿಷ ಕಳೆದಿದೆ, ಮೂರು ನಿಮಿಷ ಇಷ್ಟು ಉದ್ದ ಇರುತ್ತದೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಸಣ್ಣವ್ವ ಬೆಂಚಿನ ಮೇಲೆ ಮಲಗಿ ಛಾವಣಿಯ ಜಂತಿ ನೋಡುತ್ತಿದ್ದಾಳೆ, ಮೂವತ್ತರ ಹೆಂಗಸು, ನಸುಕಿನಲ್ಲಿ ಶೇಂಗಾ ಬಳ್ಳಿ ಎಳೆಯುವಾಗ ಹಿಮ್ಮಡಿಗೆ ಏನೋ ಹತ್ತಿತಂತೆ, ಕರ್ರಗ ಏನೋ ಸರ್ ಅಂತ ಹೋತ್ರಿ, ನಾ ಹಾವು ಅನ್ನಲಿಲ್ಲ, ನಮ್ಮ ಮೈದುನ ಅಂದ, ಅನ್ನುತ್ತಾಳೆ, ಹಿಮ್ಮಡಿಯಲ್ಲಿ ಕಾಣುವುದು ಒಂದೇ ಚುಕ್ಕೆ, ಬಾವಿಲ್ಲ, ಮುಳ್ಳಾದರೂ ಇರಬಹುದು, ಓತಿಕ್ಯಾತವಾದರೂ ಇರಬಹುದು, ಇರಬಹುದು, ಇರಬಹುದು — ಈ ಶಬ್ದವನ್ನು ಬಾಯಲ್ಲಿಟ್ಟುಕೊಂಡು ಕೂಡುವುದು ಬಿಸಿ ಕೆಂಡ ಇಟ್ಟುಕೊಂಡು ಕೂತಷ್ಟೇ. ಕಪಾಟಿನಲ್ಲಿ ಹಾವಿನ ಮದ್ದಿನ ಸೀಸೆ ಎರಡಿವೆ, ಪತ್ರ ಬರೆದು ಬೇಡಿದ ಮೇಲೆ ಹೋದ ವಾರ ಬಂದವು, ಮತ್ತೆ ಯಾವಾಗ ಬರುತ್ತವೋ ದೇವರಿಗೆ ಗೊತ್ತು, ಕುದುರೆಯ ರಕ್ತದಿಂದ ತೆಗೆದ ಮದ್ದು, ಬೇಕಾದವರಿಗೆ ಅಮೃತ, ಬೇಡದವರಿಗೆ ಅದೇ ಒಮ್ಮೊಮ್ಮೆ ಮೈಗೆ ಬೆಂಕಿ ಹಚ್ಚುತ್ತದೆ, ಕೈ ಆಗಲೇ ಕಪಾಟಿನ ಕಡೆ ತಿರುಗಿದೆ ನೋಡು, ನಾನು ತಿರುಗಿಸಿದ್ದಲ್ಲ, ಕೈ ತಾನಾಗಿ ತಿರುಗಿತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂಡುತ್ತೇನೆ.

ಬಾಗಿಲಲ್ಲಿ ಅವಳ ಮೈದುನ ಹಂಪಣ್ಣ, ಗಾಡಿ ಹೊಡೆದುಕೊಂಡು ಬಂದ ಬಾರುಕೋಲು ಇನ್ನೂ ಕೈಯಲ್ಲೇ ಇದೆ, ಅವನ ಹಿಂದೆ ಏಳೆಂಟು ತಲೆಗಳು, ಡಾಕ್ಟ್ರ ಆ ನಳಿಗಿ ಮುಂದ ಕುಂತು ಪೂಜಿ ಮಾಡಾಕತ್ಯಾರೇನ್ರಿ, ಊದಿನಕಡ್ಡಿ ತರ್ಲೇನು, ಅನ್ನುತ್ತಾನೆ, ಯಾರೋ ನಗುತ್ತಾರೆ, ನಗೆಯಲ್ಲಿ ಹೆದರಿಕೆಯೇ ಹೆಚ್ಚು, ನರ್ಸ್ ಗೌಸಬೀ ಸಣ್ಣವ್ವನ ತೊಡೆಗೆ ಬಿಗಿದು ಕಟ್ಟಿದ್ದ ಸೀರೆಯ ಚೂರನ್ನು ಮೆಲ್ಲಗೆ ಸಡಿಲಿಸುತ್ತ ತಲೆಯೆತ್ತದೆ ಹೇಳುತ್ತಾಳೆ, ಹಂಪಣ್ಣಾ, ನಿನಗ ಹೆಣ್ಣು ಸಿಗೂತನಕ ನಾಕು ವರ್ಷ ಕಾದಿ, ಇಪ್ಪತ್ತು ನಿಮಿಷ ಕಾದ್ರ ನಿನ್ನ ಗಂಟೇನು ಹೋಗ್ತೈತಿ, ಆಕಡೆ ಸರಿ, ಗಾಳಿ ಬರ್ಲಿ. ಗೌಸಬೀ ಅಕ್ಕ ಈ ದವಾಖಾನೆಗೆ ನನಗಿಂತ ಹದಿನೈದು ವರ್ಷ ಮೊದಲು ಬಂದವಳು, ನಾನು ಎಪ್ಪತ್ತೇಳರಲ್ಲಿ ಬಂದೆ, ಇದು ನಾಲ್ಕನೇ ವರ್ಷ, ಮೊದಲ ದಿನವೇ ಅವಳು ನನ್ನ ಕೈ ನೋಡಿದ್ದಳು, ಜ್ವರ ಅಂದರೆ ಸೂಜಿ, ಕೆಮ್ಮು ಅಂದರೆ ಸೂಜಿ, ಸುಮ್ಮನೆ ಮೈಕೈ ನೋವು ಅಂದರೂ ಸೂಜಿ, ಡಾಕ್ಟ್ರ, ಇಂವಗ ನಾಳಿಗಿ ತಾನ ಆರಾಮ ಆಗ್ತೈತ್ರಿ, ಅನ್ನುತ್ತಿದ್ದಳು, ಗೊತ್ತಕ್ಕಾ, ಆದ್ರ ಆಗದಿದ್ರ, ಅನ್ನುತ್ತಿದ್ದೆ ನಾನು, ಆಗದಿದ್ರ — ಈ ಒಂದು ಮಾತಿನ ಮೇಲೆ ನಾಲ್ಕು ವರ್ಷ ದವಾಖಾನೆ ನಡೆಸಿದ್ದೇನೆ, ಜ್ವರದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿ ಮಲೇರಿಯಾ ನೋಡಲು ಕಳಿಸುತ್ತೇವೆ, ಉತ್ತರ ಬರುವ ಹೊತ್ತಿಗೆ ರೋಗಿ ಹೊಲದಲ್ಲಿ ಎಡೆ ಹೊಡೆಯುತ್ತಿರುತ್ತಾನೆ ಇಲ್ಲವೇ ಮಣ್ಣಾಗಿರುತ್ತಾನೆ, ಹೀಗೆ ಗೊತ್ತಿಲ್ಲದೆಯೇ ಗುಳಿಗೆ ಕೊಡುವುದು, ಗೊತ್ತಿಲ್ಲದೆಯೇ ಸೂಜಿ ಚುಚ್ಚುವುದು, ಮಂದಿ ಗೆಲುವಾಗಿ ಮನೆಗೆ ಹೋಗುವುದು, ವಿರುಪಣ್ಣ ಡಾಕ್ಟ್ರ ಕೈಗುಣ ಭಾಳ ಛಲೋ ಐತಿ ಅನ್ನುವುದು, ಹನುಮಸಾಗರದಿಂದಲೂ ಗಾಡಿ ಕಟ್ಟಿಕೊಂಡು ಬರುತ್ತಾರೆ, ಯಾವುದು ಮದ್ದಿನಿಂದ ಹೋಯಿತು ಯಾವುದು ತಾನಾಗಿ ಹೋಯಿತು ಅಂತ ಕೇಳುವವರು ಯಾರು, ನಾನೂ ಕೇಳಲಿಲ್ಲ, ಕೇಳದಿದ್ದಾಗ ನಿದ್ದೆ ಚೆನ್ನಾಗಿ ಬರುತ್ತಿತ್ತು. ಎಂಟು ಒಂಬತ್ತು. ಗವಿಸಿದ್ದಪ್ಪಜ್ಜಾ, ಕೊಪ್ಪಳದ ದೇವರೇ, ಈ ಕೈಗಳನ್ನು ಹಿಡಿ.

ಅವತ್ತೂ ಇದೇ ಮೇಜು, ಇದೇ ನಳಿಗೆ, ಇವತ್ತಿಗೆ ಇಪ್ಪತ್ತಮೂರು ದಿನ, ಬೆಂಚಿನ ಮೇಲೆ ದ್ಯಾವಪ್ಪ, ಆಡು ಮೇಯಿಸುವವನು, ಗಟ್ಟಿ ಆಳು, ಕಣಕಾಲಿಗೆ ಹಾವು ಕಚ್ಚಿತ್ತು, ಅದರಲ್ಲಿ ಸಂಶಯವಿರಲಿಲ್ಲ, ಎರಡು ಹಲ್ಲಿನ ಗುರುತು ಎದ್ದು ಕಾಣುತ್ತಿದ್ದವು, ಹಾವನ್ನು ಹೊಡೆದಿದ್ದರಂತೆ, ತಂದೀರೇನಪಾ ಅಂತ ಕೇಳಿದೆ, ಎಲ್ಲಿ ತರೂದ್ರಿ, ಅಕಸ್ಮಾತ್ ನಾಗಪ್ಪ ಆಗಿದ್ರ ಅಂತ ಬಾಯಿಗೆ ಕಾಸಿಟ್ಟು ಹಾಲು ಹಾಕಿ ಸುಟ್ಟುಬಿಟ್ಟಿವ್ರಿ, ದೋಷ ಬ್ಯಾಡ ಅಂತ, ಅಂದರು, ಸುಟ್ಟ ಹಾವು ಯಾವ ಹಾವೆಂದು ಬೂದಿ ಹೇಳುತ್ತದೆಯೇ, ಒಬ್ಬ ಮಂಡಲ ಅಂದ, ಒಬ್ಬ ಕೇರಿ ಹಾವು ಅಂದ, ಒಬ್ಬ ಹೆಡೆ ಕಂಡೆ ಅಂದ, ನಾನು ಬೈಯಲಿಲ್ಲ, ಬೈಯಲು ಬಾಯಿ ಬರಲಿಲ್ಲ, ನಮ್ಮ ಊರಲ್ಲೂ ಹೀಗೆಯೇ ಸುಡುತ್ತಾರೆ, ನಮ್ಮಪ್ಪನೂ ಒಮ್ಮೆ ಸುಟ್ಟು ಕೈಮುಗಿದು ನಿಂತದ್ದನ್ನು ಕಂಡಿದ್ದೇನೆ, ರಕ್ತ ತೆಗೆದು ನಳಿಗೆಗೆ ಹಾಕಿ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟೆ, ಅವತ್ತು ಕಪಾಟಿನಲ್ಲಿ ನಾಲ್ಕು ಸೀಸೆ, ವರ್ಷದ ಪಾಲು ಅದು, ಹತ್ತು ನಿಮಿಷ ಹೇಗೋ ಹೋಯಿತು, ದ್ಯಾವಪ್ಪ ಒಮ್ಮೆ ವಾಂತಿ ಮಾಡಿದ, ಕಣ್ಣು ಕತ್ತಲಿ ಬರಾಕತ್ಯಾವ್ರಿ ಯಪ್ಪಾ ಅಂದ, ಹೆದರಿದವನಿಗೂ ವಾಂತಿಯಾಗುತ್ತದೆ, ಹೆದರಿದವನಿಗೂ ಕಣ್ಣಿಗೆ ಕತ್ತಲೆ ಬರುತ್ತದೆ, ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು, ರೆಪ್ಪೆ ಜೋತಿರಲಿಲ್ಲ, ವಸಡಿನಲ್ಲಿ ರಕ್ತವಿರಲಿಲ್ಲ, ಕಾಲು ಬಾತಿರಲಿಲ್ಲ, ಅವನ ಹೆಂಡತಿ ಮಾರೆವ್ವ ನೆಲಕ್ಕೆ ಕೂತು, ಮದ್ದು ಮುಂದಿಟ್ಕೊಂಡು ನನ್ನ ಗಂಡನ್ನ ಕೊಲ್ಲಾಕತ್ಯಾರವ್ವೋ, ಅಂತ ಕೂಗಿದಳು, ಇಪ್ಪತ್ತು ಮಂದಿಯ ಕಣ್ಣು ನನ್ನ ಬೆನ್ನಿನ ಮೇಲೆ, ನನ್ನೊಳಗೆ ಒಂದು ಗುಂಗಾಡಿ ಹುಳ ಗೋಡೆಗೆ ಬಡಿದುಕೊಳ್ಳುವ ಹಾಗೆ — ಏನಾದರೂ ಮಾಡು, ಏನಾದರೂ ಮಾಡು, ಸತ್ತರೆ ಕೂತುಕೊಂಡು ನೋಡಿದ ಅನ್ನುತ್ತಾರೆ, ಕೊಟ್ಟು ಸತ್ತರೆ ಕೈಲಾದದ್ದು ಮಾಡಿದ ಅನ್ನುತ್ತಾರೆ, ಎದ್ದೆ. ಗೌಸಬೀ ಅಕ್ಕ ಮೆಲ್ಲಗೆ ಅಂದಳು, ಇನ್ನ ಒಂಬತ್ತು ನಿಮಿಷ ಅದಾವ್ರಿ. ಒಂಬತ್ತು ನಿಮಿಷದಾಗ ಏನರೆ ಆದ್ರ ಯಾರಕ್ಕಾ ಹೊಣಿ, ಅಂದೆ. ಒಂದು ಸೀಸೆಯ ಪುಡಿ ಕಲಸಿದೆ, ಒಂದರಲ್ಲಿ ಏನಾದೀತು ಎಂದು ಎರಡು, ಎರಡು ಸಾಲದಿದ್ದರೆ ಎಂದು ಮೂರು, ಒಂದನ್ನು ಉಳಿಸಿ ಏನು ಮಾಡುವುದು ಎಂದು ನಾಲ್ಕು, ಸಲೈನಿನಲ್ಲಿ ಸೇರಿಸಿ ನರಕ್ಕೆ ಬಿಟ್ಟೆ, ಬಿಟ್ಟ ಕ್ಷಣವೇ ಒಳಗಿನ ಹುಳ ಸುಮ್ಮನಾಯಿತು, ಎಂಥ ನೆಮ್ಮದಿ ಅದು, ತಣ್ಣನೆಯ ಬಾವಿ ನೀರು ತಲೆಯ ಮೇಲೆ ಸುರಿದ ಹಾಗೆ, ಅದನ್ನು ನೆನೆದರೆ ಈಗ ನನಗೆ ನಾಚಿಕೆ ಬರುವುದು ಮದ್ದು ಹೋದದ್ದಕ್ಕಲ್ಲ, ಆ ನೆಮ್ಮದಿಗೆ. ಮಂದಿ ಹೊರಗೆ ಬೀಡಿ ಹಚ್ಚಿದರು, ನಕ್ಕರು, ಆಮೇಲೆ ಯಾಕೋ ನಳಿಗೆಯ ನೆನಪಾಯಿತು, ಇಪ್ಪತ್ತೈದು ನಿಮಿಷವಾಗಿತ್ತು, ಎತ್ತಿ ಓರೆ ಮಾಡಿದೆ, ರಕ್ತ ಅಲುಗಲಿಲ್ಲ, ಇನ್ನಷ್ಟು ಓರೆ ಮಾಡಿದೆ, ಪೂರ್ತಿ ತಲೆಕೆಳಗು ಮಾಡಿದೆ, ಗಾಜಿನ ತಳಕ್ಕೆ ಅಂಟಿ ಕೆಂಪು ಗಟ್ಟಿಯಾಗಿ ಕೂತಿತ್ತು, ಒಂದು ಹನಿ ಬೀಳಲಿಲ್ಲ. ದ್ಯಾವಪ್ಪನಿಗೆ ಏನೂ ಆಗಿರಲಿಲ್ಲ. ಗೌಸಬೀ ಅಕ್ಕ ನೋಡಿದಳು, ನಾನು ನೋಡಿದ್ದನ್ನೂ ನೋಡಿದಳು, ನನ್ನ ಕೈಯಿಂದ ನಳಿಗೆ ತೆಗೆದುಕೊಂಡು ಹೋಗಿ ತೊಳೆದಳು.

ಎಂಟು ಹದಿಮೂರು. ಸಣ್ಣವ್ವ ಕತ್ತು ಹೊರಳಿಸಿ ನನ್ನ ಕಡೆ ನೋಡುತ್ತಾಳೆ, ಡಾಕ್ಟ್ರ, ಸಾಯ್ತೀನಂದ್ರ ಮೊದಲ ಹೇಳ್ರಿ, ಎಮ್ಮಿ ನನ್ನ ಬಿಟ್ಟು ಯಾರಿಗೂ ಹಾಲು ಬಿಡಂಗಿಲ್ಲ, ನಮ್ಮ ನೆಗೆಣ್ಣಿಗೆ, ಹಂಪಣ್ಣನ ಹೇಣ್ತಿಗೆ, ಅದರ ಕಿವಿ ತುರಿಸಾಕ ಹೇಳಿ ಬರ್ತೀನಿ. ಸಾಯಂಗಿಲ್ಲ ಸುಮ್ನಿರವ್ವಾ, ಅನ್ನಬೇಕೆನ್ನಿಸುತ್ತದೆ, ನಾಲಿಗೆಯ ತುದಿಗೆ ಬಂದಿದೆ, ಆದರೆ ಅದೂ ಗೊತ್ತಿಲ್ಲದ ಮಾತು, ಗೊತ್ತಿಲ್ಲದ ಮಾತೂ ಒಂದು ಸೂಜಿಯೇ, ನನ್ನ ನೋವು ಕಡಿಮೆ ಮಾಡಲು ಅವಳಿಗೆ ಚುಚ್ಚುವುದು, ಗೊತ್ತಿಲ್ಲ ತಂಗಿ, ಇನ್ನ ಹನ್ನೊಂದು ನಿಮಿಷಕ್ಕ ಗೊತ್ತಾಗ್ತೈತಿ, ಇಬ್ರೂ ಕೂಡಿ ಕಾಯೂಣು, ಅನ್ನುತ್ತೇನೆ, ನನ್ನ ದನಿ ನನಗೇ ಅಪರಿಚಿತ, ಅವಳು ಹೂಂ ಅನ್ನುತ್ತಾಳೆ, ಹೂಂ ಅಂದು ಮತ್ತೆ ಜಂತಿ ನೋಡುತ್ತಾಳೆ, ಇಷ್ಟು ಸುಲಭವಾಗಿ ಒಬ್ಬ ಮನುಷ್ಯ ಹೂಂ ಅನ್ನಬಲ್ಲ ಅಂತ ನನಗೆ ಗೊತ್ತಿರಲಿಲ್ಲ, ನಾಲ್ಕು ವರ್ಷದಲ್ಲಿ ಒಬ್ಬರಿಗೂ ಗೊತ್ತಿಲ್ಲ ಅಂತ ಹೇಳಿ ನೋಡಿರಲಿಲ್ಲ. ಕಣ್ಣು ಅಗಲಿಸವ್ವಾ, ನನ್ನ ಬೆರಳು ನೋಡು, ರೆಪ್ಪೆ ಜೋತಿಲ್ಲ, ಮಾತು ತೊದಲಿಲ್ಲ, ನಾಗರವಾಗಲಿ ಕಟ್ಟುಹಾವಾಗಲಿ ಆಗಿದ್ದರೆ ಮೊದಲು ಕಣ್ಣಿಗೆ ಬರುತ್ತದೆ, ಈಗ ಬಂದಿಲ್ಲ, ಬರಬಹುದು. ನಮ್ಮ ಯಲಬುರ್ಗಾದ ಕಡೆ ಹಳ್ಳಿಯಲ್ಲಿ ಅಮ್ಮ ಬೀಸುಕಲ್ಲಿನ ಮುಂದೆ ಕೂತು ಸಜ್ಜೆ ಬೀಸುತ್ತ ಹೇಳುತ್ತಿದ್ದ ಕಥೆ, ಒಂದೂರಾಗ ಒಬ್ಬಾಕಿ ಮುದುಕಿ, ಕೋಳಿನ್ನ ಕಾವಿಗೆ ಕುಂದರಿಸಿದ್ಲು, ಎಂಟು ತತ್ತಿ ಇಟ್ಲು, ಮೂರನೇ ದಿನಕ್ಕ ಚಿಂತಿ ಹತ್ತಿತು, ಒಳಗ ಮರಿ ಅದಾವೋ ಇಲ್ಲೋ, ಒಂದ ಒಂದು ಒಡದು ನೋಡ್ತೀನಿ ಅಂತ ಒಡದ್ಲು, ಕಣ್ಣಿನಷ್ಟು ಕೆಂಪು ಚುಕ್ಕಿ ಮಿಡೀತಿತ್ತು, ಅಯ್ ಬದುಕೈತಿ ಅಂತ ಖುಷಿ ಪಟ್ಲು, ಅದು ಸತ್ತಿತು, ನಾಕು ದಿನಕ್ಕ ಮತ್ತ ಚಿಂತಿ, ಇದೊಂದು ಬದುಕಿತ್ತು, ಉಳದಾವು ಹೆಂಗ ಅದಾವೋ, ಮತ್ತೊಂದು ಒಡದ್ಲು — ನಾನು ಕೇಳುತ್ತಿದ್ದೆ, ಆಮ್ಯಾಲ ಏನಾತಬೇ, ಆಮ್ಯಾಲ ಏನಾಗೂದು, ಇಪ್ಪತ್ತೊಂದನೇ ದಿನ ಕೋಳಿ ಬರೇ ಹುಲ್ಲಿನ ಮ್ಯಾಲ ಕಾವು ಕುಂತಿತ್ತು, ಎಬ್ಬಿಸಿದ್ರೂ ಏಳಲಿಲ್ಲ, ಅನ್ನುತ್ತಿದ್ದಳು, ಬೀಸುಕಲ್ಲು ತಿರುಗುತ್ತಿತ್ತು, ಮುದುಕಿಯ ಬಗ್ಗೆ ನಕ್ಕು ನಾನು ಹೊರಗೆ ಓಡುತ್ತಿದ್ದೆ, ಅಮ್ಮ ನಗುತ್ತಿರಲಿಲ್ಲ ಅನ್ನುವುದು ಈಗ ನೆನಪಾಗುತ್ತಿದೆ, ಅವಳು ಮೂರು ಮಕ್ಕಳನ್ನು ಮಣ್ಣು ಮಾಡಿ ನನ್ನನ್ನು ಹೆತ್ತವಳು, ಒಂಬತ್ತು ತಿಂಗಳು ಒಳಗೆ ಏನಿದೆಯೋ ಎಂದು ಗೊತ್ತಿಲ್ಲದೆ ಹೊತ್ತವಳು, ಹೊಟ್ಟೆಯ ಮೇಲೆ ಕೈಯಿಟ್ಟು ಹುಲಿಗೆಮ್ಮನ ಹೆಸರು ಹೇಳುತ್ತ ಕೂತವಳು.

ಎಂಟು ಹದಿನಾಲ್ಕು, ಹದಿನೈದು, ಇದೇ ಹನ್ನೊಂದನೆಯ ನಿಮಿಷ, ಅವತ್ತು ನಾನು ಎದ್ದ ನಿಮಿಷ, ಹಂಪಣ್ಣ ಬಾರುಕೋಲಿನ ತುದಿಯಿಂದ ಹೊಸ್ತಿಲು ಕುಟ್ಟುತ್ತಿದ್ದಾನೆ, ಸಾಹೇಬ್ರ, ದ್ಯಾವಪ್ಪಗ ಬಂದ ಕೂಡ್ಲೆ ಕೊಟ್ಟಿದ್ರಂತಲ್ರಿ, ನಮ್ಮ ಅತ್ತಿಗಿ ಏನು ಪಾಪ ಮಾಡ್ಯಾಳ್ರಿ, ಅನ್ನುತ್ತಾನೆ, ಎದೆಯೊಳಗೆ ಹುಳ ಮತ್ತೆ ಗೋಡೆಗೆ ಬಡಿಯುತ್ತದೆ, ಕೊಟ್ಟುಬಿಡು, ಎರಡೇ ಸೀಸೆ, ಕೊಟ್ಟುಬಿಟ್ಟರೆ ಈ ಬಾಗಿಲ ಮಂದಿ ಬೀಡಿ ಹಚ್ಚುತ್ತಾರೆ, ನಿನ್ನ ಬೆನ್ನು ಹಗುರಾಗುತ್ತದೆ — ದ್ಯಾವಪ್ಪಗೆ ಕೊಟ್ಟ ಮರುದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ರೊಟ್ಟಿ ಮುರಿದಿದ್ದೆ, ಕನಕಪ್ಪ ತನ್ನ ಹೆಂಡತಿ ಯಮನೂರಮ್ಮನನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ, ದ್ಯಾವಪ್ಪನ ಓಣಿಯವರೇ, ಕುಳ್ಳಿನ ಬಣವೆಯೊಳಗೆ ಕೈ ಹಾಕಿದ್ದಳು, ಹಾವು ಕಂಡಿದ್ದರು, ಕೊಳಕುಮಂಡಲ, ಕೈ ಮೊಣಕೈಯ ತನಕ ಬಾತಿತ್ತು, ವಸಡಿನಿಂದ ಕೆಂಪು, ಮೂಗುತಿಯ ಸುತ್ತ ಕೆಂಪು, ನಳಿಗೆಗೆ ಹಾಕಿದ ರಕ್ತ ಇಪ್ಪತ್ತು ನಿಮಿಷಕ್ಕೂ ನೀರು, ಮೂವತ್ತಕ್ಕೂ ನೀರು, ಓರೆ ಮಾಡಿದ ಕಡೆಗೆಲ್ಲ ಹರಿಯಿತು, ಅವತ್ತು ಕಾಯುವ ಅಗತ್ಯವೇ ಇರಲಿಲ್ಲ, ಆದರೂ ಕಾದೆ, ಕೊಡಲು ಏನೂ ಇಲ್ಲದವನು ಎಷ್ಟು ಬೇಕಾದರೂ ಕಾಯಬಲ್ಲ. ಕಪಾಟು ತೆಗೆದು ಮತ್ತೆ ಹಾಕಿದೆ, ಮತ್ತೆ ತೆಗೆದೆ. ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ ಮಲಗಿಸಿ ಕೊಪ್ಪಳದ ದಾರಿ ಹಿಡಿದೆವು, ನಾನು ಅವಳ ಪಕ್ಕದಲ್ಲೇ ಕೂತಿದ್ದೆ, ಕನಕಪ್ಪ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ, ಯಮನೂರಮ್ಮ ಒಮ್ಮೆ ಕಣ್ಣು ತೆರೆದು, ಬಾಗಿಲಾ ಹಾಕಿ ಬಂದೀಯೇನು, ನಾಯಿ ರೊಟ್ಟಿ ಒಯ್ತೈತಿ, ಅಂದಳು, ಹಾಕೀನಿ ಅಂದ ಅವನು, ಯಲಬುರ್ಗಾ ದಾಟಿ ಸ್ವಲ್ಪ ದೂರಕ್ಕೆ ಅವಳ ನಾಡಿ ನಿಂತಿತು, ಟ್ರ್ಯಾಕ್ಟರ್ ನಿಲ್ಲಿಸಿ ಅಂದೆ. ರಸ್ತೆ ಬದಿಯ ಜಾಲಿಯ ಕೆಳಗೆ ಅವಳನ್ನು ಇಳಿಸಿ ಮಲಗಿಸಿ ಕನಕಪ್ಪ ಕೇಳಿದ, ನಿನ್ನಿತನ ಮದ್ದು ಇತ್ತಂತಲ್ರಿ. ಇತ್ತಪ್ಪಾ, ಖರ್ಚಾತು, ಅಂದೆ. ದ್ಯಾವಪ್ಪಗ ಹಾಕಿದ್ರೇನ್ರಿ. ಹೂಂ. ಅವನು ಹೆಂಡತಿಯ ಸೆರಗಿನಿಂದ ಅವಳ ಬಾಯಿ ಒರೆಸಿದ, ಹೋಗ್ಲಿ ಬಿಡ್ರಿ, ಒಬ್ರರೆ ಉಳದ್ರಲ್ರಿ, ಅವನೂ ಮಕ್ಕಳೊಂದಿಗ, ಅಷ್ಟ ಸಮಾಧಾನ, ಅಂದ. ಅವತ್ತು ಆ ಜಾಲಿಯ ಕೆಳಗೆ ನಾನು ಬಾಯಿ ತೆರೆಯಬೇಕಿತ್ತು, ಕನಕಪ್ಪಾ, ಅವನಿಗೆ ಮದ್ದು ಬೇಕಿರಲಿಲ್ಲ, ನಾನು ಒಂಬತ್ತು ನಿಮಿಷ ತಡೆಯಲಾರದೆ ಚೆಲ್ಲಿದೆ, ಅನ್ನಬೇಕಿತ್ತು, ಅಂದರೆ ಆ ಸಮಾಧಾನವೂ ಹೋಗುತ್ತಿತ್ತು, ಅದಕ್ಕೇ ಹೇಳಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ, ಅವನ ಸಮಾಧಾನಕ್ಕಾಗಿಯೋ ನನ್ನ ಚರ್ಮಕ್ಕಾಗಿಯೋ, ಗೊತ್ತಿಲ್ಲ, ನಾಲ್ಕೂ ಸೀಸೆ ಇದ್ದು ಹಾಕಿದ್ದರೂ ಅವಳು ಉಳಿಯುತ್ತಿದ್ದಳೋ ಇಲ್ಲವೋ ಅದೂ ಗೊತ್ತಿಲ್ಲ, ಇದೊಂದು ಗೊತ್ತಿಲ್ಲ ಮಾತ್ರ ಇಪ್ಪತ್ತು ನಿಮಿಷಕ್ಕೆ ಮುಗಿಯುವುದಲ್ಲ, ಎಷ್ಟು ಓರೆ ಮಾಡಿ ನೋಡಿದರೂ ಉತ್ತರ ಬರುವುದಲ್ಲ.

ಎಂಟು ಹದಿನೆಂಟು. ಅಂಗೈಗಳು ತೊಡೆಯ ಕೆಳಗೆ ಜೋಮು ಹಿಡಿದಿವೆ, ಹಿಡಿಯಲಿ. ಆಮೇಲೆ ಊರೆಲ್ಲ ನನ್ನನ್ನು ಹೊಗಳಿತು, ದ್ಯಾವಪ್ಪನ್ನ ಯಮನ ಬಾಯಿಂದ ಕಸಗೊಂಡು ಬಂದ್ರು, ಅಂದಿತು, ದ್ಯಾವಪ್ಪ ಒಂದು ಆಡಿನ ಮರಿ ತಂದು ಕಟ್ಟಿ ಹೋದ, ನಾನು ಗೌಸಬೀ ಅಕ್ಕನ ಕೈಯಲ್ಲಿ ವಾಪಸ್ ಕಳಿಸಿದೆ, ದಾರಿಯಲ್ಲಿ ಸಿಕ್ಕರೆ ಚಪ್ಪಲಿ ಬಿಟ್ಟು ನಿಲ್ಲುತ್ತಾನೆ, ನಾನು ಸೈಕಲ್ಲು ನಿಲ್ಲಿಸುವುದಿಲ್ಲ. ಹೊಗಳುವ ಬಾಯಿಯೇ ಅವನನ್ನು ಕುಟುಕುತ್ತದೆ, ನೀರಿನ ಹತ್ತಿರ ಮಾರೆವ್ವನಿಗೆ ಹೆಂಗಸರು, ನಿನ್ನ ಗಂಡನ ಮೈಯಾಗ ಯಮನೂರಿ ಆಯುಷ್ಯ ಓಡ್ಯಾಡಾಕತ್ತೈತಿ, ಚಂದಾಗಿ ಉಣಿಸವಾ, ಅಂದರಂತೆ, ಅವಳು ತುಂಬಿದ ಕೊಡವನ್ನು ಅಲ್ಲೇ ಸುರಿದು ಬಂದಳಂತೆ, ಗೌಸಬೀ ಅಕ್ಕ ಹತ್ತಿ ಸುತ್ತುತ್ತ ಇದನ್ನು ಹೇಳಿ ನನ್ನ ಮುಖ ನೋಡಲಿಲ್ಲ, ಡಾಕ್ಟ್ರ, ನಾ ನರ್ಸಮ್ಮ, ನನ್ನ ಬಾಯಿಂದ ಹೋಗೂ ಮಾತಲ್ಲ ಅದು, ಅಂದಳು, ಅಷ್ಟೇ, ಮತ್ತೆ ಇಲ್ಲಿಯ ತನಕ ಆ ಮಾತೆತ್ತಿಲ್ಲ, ದಿನಾ ಬೆಳಗ್ಗೆ ಅವಳು ಬಿಸ್ಮಿಲ್ಲಾ ಅಂದು ಕಪಾಟು ತೆಗೆಯುತ್ತಾಳೆ, ನಾನು ಶಿವಾ ಅಂದು ಕುರ್ಚಿಯಲ್ಲಿ ಕೂಡುತ್ತೇನೆ, ಇಬ್ಬರ ದೇವರಿಗೂ ಗೊತ್ತು. ನಾಳೆ ಹೇಳುತ್ತೇನೆ, ಸಂತೆಯ ದಿನ ಹೇಳುತ್ತೇನೆ, ದ್ಯಾವಪ್ಪನನ್ನು ಒಬ್ಬನನ್ನೇ ಕರೆದು ಹೇಳುತ್ತೇನೆ, ನೀನು ಯಾರ ಪಾಲನ್ನೂ ತಿಂದಿಲ್ಲಪ್ಪಾ, ನಿನ್ನ ಜೀವ ನಿನ್ನದೇ, ಕಚ್ಚಿದ ಹಾವು ವಿಷ ಬಿಟ್ಟಿರಲಿಲ್ಲ, ಇಷ್ಟೇ ಮಾತು, ಒಂದು ಉಸಿರಿನದು, ಇಪ್ಪತ್ತೆರಡು ದಿನದಿಂದ ಅದನ್ನು ಗಂಟಲಲ್ಲಿ ಹಿಡಿದು ಅಡ್ಡಾಡುತ್ತಿದ್ದೇನೆ, ಕಾಯಬೇಕಾದಲ್ಲಿ ಕಾಯದವನು ಕಾಯಬಾರದಲ್ಲಿ ಎಷ್ಟು ಚೆನ್ನಾಗಿ ಕಾಯುತ್ತೇನೆ, ದ್ಯಾವಪ್ಪ ಈ ವಾರ ಊರಲ್ಲೇ ಇಲ್ಲವಂತೆ, ಆಡುಗಳನ್ನು ಅಣ್ಣನಿಗೆ ಒಪ್ಪಿಸಿ ಎತ್ತಲೋ ಹೋಗ್ಯಾನ ಅಂದರು, ಕೇಳಿ ನನಗೆ ನೆಮ್ಮದಿಯಾಯಿತು, ಮತ್ತೆ ಅದೇ ನೆಮ್ಮದಿ, ಅದೇ ತಣ್ಣೀರು.

ಇಪ್ಪತ್ತು ಆತ್ರಿ, ಅನ್ನುತ್ತಾಳೆ ಗೌಸಬೀ ಅಕ್ಕ. ಎಂಟು ಇಪ್ಪತ್ತನಾಲ್ಕು, ಮುಳ್ಳು ಸರಿಯಾಗಿ ಅಲ್ಲಿಯೇ ಇದೆ, ಮಂಜು ಹರಿದು ಕಿಟಕಿಯಿಂದ ಒಂದು ಪಟ್ಟಿ ಬಿಸಿಲು ಮೇಜಿಗೆ ಬಿದ್ದಿದೆ, ಜೋಮು ಹಿಡಿದ ಕೈ ನನ್ನದಲ್ಲವೆಂಬಂತೆ ಮುಂದೆ ಹೋಗುತ್ತದೆ, ನಳಿಗೆ ಎತ್ತುತ್ತದೆ, ಓರೆ ಮಾಡುತ್ತೇನೆ, ಹರಿಯಲಿಲ್ಲ, ಇನ್ನಷ್ಟು, ಹರಿಯಲಿಲ್ಲ, ತಲೆಕೆಳಗು ಮಾಡಿ ಬಿಸಿಲಿಗೆ ಹಿಡಿಯುತ್ತೇನೆ, ತಳದಲ್ಲಿ ಕೆಂಪು ಗಟ್ಟಿಯಾಗಿ ಕೂತಿದೆ. ಏನಂತೈತ್ರಿ, ಅನ್ನುತ್ತಾಳೆ ಸಣ್ಣವ್ವ. ಸದ್ಯಕ್ಕ ಏನೂ ಇಲ್ಲಂತೈತಿ ತಂಗಿ, ಸಂಜಿತನ ಇಲ್ಲೇ ಇರು, ಇನ್ನೆರಡು ಸಲ ಕೇಳೂಣು ಅದನ್ನ. ಹಂಪಣ್ಣನ ಮುಖದಲ್ಲಿ ಸಂತೋಷ ಬಂದು ಅರ್ಧಕ್ಕೇ ನಿಲ್ಲುತ್ತದೆ, ಹಂಗಾರ ಸೂಜಿ ಇಲ್ಲೇನ್ರಿ, ಇಷ್ಟು ದೂರ ಗಾಡಿ ಹೊಡಕೊಂಡು ಬಂದದ್ದು ದಂಡ ಆತಲ್ರಿ, ಅನ್ನುತ್ತಾನೆ, ಗೌಸಬೀ ಅಕ್ಕ, ಬೇಕಿದ್ರ ನಿನಗೊಂದು ಮಾಡ್ತೀನಿ ಬಾ, ದಪ್ಪಂದು, ಅನ್ನುತ್ತಾಳೆ, ಮಂದಿ ನಗುತ್ತಾ ಚದುರುತ್ತಾರೆ, ನಾನು ನಳಿಗೆಯನ್ನು ಕೆಳಗಿಡಲಾರೆ, ಒಂಬತ್ತೇ ನಿಮಿಷ, ಅವತ್ತು ಇಷ್ಟೇ ಬೇಕಿತ್ತು, ಯಾರೂ ಸಾಯುವುದಿಲ್ಲ, ಹೊಸ್ತಿಲು ಕುಟ್ಟುತ್ತಾರೆ, ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತದೆ, ಆಮೇಲೆ ಮುಗಿಯುತ್ತದೆ, ಮನುಷ್ಯನ ಕೈಲಿ ಆಗುವಂಥದ್ದೇ, ಇದು ನನ್ನ ಕೈಲಿ ಆಗುವಂಥದ್ದೇ ಆಗಿತ್ತು ಅನ್ನುವುದು — ಚದುರುವ ಮಂದಿಯ ನಡುವಿನಿಂದ ಒಬ್ಬ ಒಳಗೆ ಬರುತ್ತಾನೆ, ಚಪ್ಪಲಿ ಹೊರಗೆ ಬಿಟ್ಟು, ಧೂಳು ಹಿಡಿದ ಧೋತರ, ದ್ಯಾವಪ್ಪ, ಮುಖ ಬತ್ತಿದೆ, ಎದೆಗೆ ಒಂದು ಒದ್ದೆ ಬಟ್ಟೆಯ ಗಂಟು ಅವಚಿಕೊಂಡಿದ್ದಾನೆ, ಗೌಸಬೀ ಅಕ್ಕ ತಟ್ಟನೆ ನನ್ನನ್ನು ನೋಡಿ ಮುಖ ತಿರುಗಿಸಿಕೊಳ್ಳುತ್ತಾಳೆ, ಅವನು ಗಂಟು ಬಿಚ್ಚುತ್ತಾನೆ, ಒಳಗೆ ಬಾಳೆಯ ಎಲೆ, ಎಲೆಯೊಳಗೆ ಸೀಸೆಗಳು. ನಾಕು ಅದಾವ್ರಿ ಸಾಹೇಬ್ರ, ನನಗ ಹಾಕಿದ್ದಷ್ಟು, ಹುಬ್ಬಳ್ಯಾಗ ಡಾಕ್ಟ್ರ ಚೀಟಿ ಕೇಳಿದ್ರು, ಗದಗಿನ್ಯಾಗೂ ಕೇಳಿದ್ರು, ಒಬ್ಬ ಪುಣ್ಯಾತ್ಮ ಎಲ್ಲಾ ಕೇಳಿ ಕೊಟ್ಟ, ಬಿಸಿಲು ತಾಗಬಾರದಂದ, ದಾರಿತುಂಬ ನೀರು ಚಿಮುಕಿಸಿಕೋತ ತಂದೀನ್ರಿ, ಅನ್ನುತ್ತಾನೆ, ಇವು ನನ್ನವಲ್ರಿ, ಯಮನೂರಮ್ಮನ ಪಾಲು, ಕನಕಪ್ಪಗೂ ಹೇಳೀನಿ, ಕಪಾಟಿನ್ಯಾಗ ಇಟ್ಟುಬಿಡ್ರಿ, ಮುಂದ ಯಾರರೆ ಬಂದ್ರ ಇಲ್ಲ ಅನಬ್ಯಾಡ್ರಿ. ದ್ಯಾವಪ್ಪಾ, ಅನ್ನುತ್ತೇನೆ. ಹೇಳ್ರಿ, ಅನ್ನುತ್ತಾನೆ, ನಿಲ್ಲುತ್ತಾನೆ, ಅವಸರವಿಲ್ಲ ಅವನಿಗೆ, ಎಷ್ಟು ಹೊತ್ತಾದರೂ ನಿಲ್ಲಬಲ್ಲ, ನನ್ನ ಬಲಗೈಯಲ್ಲಿ ನಳಿಗೆ ತಲೆಕೆಳಗಾಗಿಯೇ ಇದೆ, ಗಾಜಿನ ತಳದಲ್ಲಿ ಕೆಂಪು, ಬೀಳುವುದಿಲ್ಲ, ಅವನು ಅದನ್ನೇ ನೋಡುತ್ತಿದ್ದಾನೆ, ಓದಲು ಬಾರದವನು ಕಾಗದ ನೋಡುವ ಹಾಗೆ, ಹೇಳ್ರಿ, ಅನ್ನುತ್ತಾನೆ ಮತ್ತೊಮ್ಮೆ, ರಕ್ತ ಬೀಳುವುದಿಲ್ಲ, ಗಂಟಲೊಳಗಿನದೂ ಬೀಳುವುದಿಲ್ಲ, ನನ್ನ ಖಾಲಿ ಎಡಗೈಯನ್ನು ತಾನೇ ಹಿಡಿದು, ಮಡಚಿದ ಬೆರಳು ಬಿಡಿಸಿ, ಆ ತಣ್ಣನೆಯ ಸೀಸೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ಇಡುತ್ತಾನೆ.